ಮುಂದಿನ ಪುಟದಲ್ಲಿ ಸೆವ್ರಿನ್ ಬಾಯಿ

ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ನನ್ನದೇ ರವಿಕೆ. ಕಾಪುವಿನ ಪೇಟೆಯಿಂದ ಸ್ವಲ್ಪ ಒಳಗೆ, ಮನೆಯ ಜಗಲಿಯಲ್ಲೇ ನನ್ನ ಟೈಲರಿಂಗ್ ಅಂಗಡಿ. ಊರಿನ ಅರ್ಧ ಹೆಂಗಸರ ಅಳತೆ ನನಗೆ ಬಾಯಿಪಾಠ. ಅಂಥವಳು ತನಗಾಗಿ ಹೊಲಿದುಕೊಂಡ ರವಿಕೆ ಎಡಗಡೆ ಸುಕ್ಕು ಬಿದ್ದರೆ ಸಿಟ್ಟು ಬಾರದಿರುತ್ತದೆಯೇ? ಹೊಲಿಗೆ ಬಿಚ್ಚಿದೆ, ಮತ್ತೆ ಹೊಲಿದೆ, ಮತ್ತೆ ಸುಕ್ಕು. ಬಟ್ಟೆಯನ್ನು ಬೈದೆ, ಮೆಷಿನನ್ನು ಬೈದೆ. ಕೊನೆಗೆ ಟೇಪು ಹಿಡಿದು ಕನ್ನಡಿಯ ಮುಂದೆ ನಿಂತಾಗ ಬೆರಳಿಗೆ ಗಂಟು ಸಿಕ್ಕಿತು. ಟೇಪನ್ನು ಸುತ್ತಿ ಡಬ್ಬಿಗೆ ಹಾಕಿ ಇವರಿಗೆ ಫೋನ್ ಮಾಡಿದೆ.

ಇವರು, ಎಂದರೆ ನನ್ನ ಗಂಡ ಸದಾನಂದ, ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸ. ಮೊದಲೇ ಮಾತು ಕಡಿಮೆ. ಉಡುಪಿಯಲ್ಲಿ ಸ್ಕ್ಯಾನ್ ಮಾಡಿಸಿ, ಮಣಿಪಾಲದಲ್ಲಿ ಕಾಯಿಲೆಯ ಹೆಸರು ಹೇಳಿಸಿಕೊಂಡು ಬಂದ ದಿನದಿಂದ ಆ ಮಾತೂ ನಿಂತಿತು. ಪ್ರತಿದಿನ ಕೆಲಸದಿಂದ ಬರುವಾಗ ಒಂದು ಎಳನೀರಿನ ಬೊಂಡ ಹಿಡಿದುಕೊಂಡು ಬರುವರು, ಕೆತ್ತಿ ನನ್ನೆದುರು ಇಟ್ಟು ಅಂಗಳಕ್ಕೆ ಹೋಗಿ ನಿಲ್ಲುವರು. ನೆಂಟರಿಷ್ಟರು ಮಾತ್ರ ಬೇಕಾದಷ್ಟು ಮಾತಾಡಿದರು, ಆದರೆ ಯಾರೂ ಕಾಯಿಲೆಯ ಹೆಸರು ಹೇಳಲಿಲ್ಲ. ‘ಅದು’ ಎನ್ನುತ್ತಿದ್ದರು. ಒಬ್ಬಳು ಗಿರಾಕಿ ಇನ್ನೂ ಕತ್ತರಿ ತಾಗಿಸದ ತನ್ನ ಬ್ಲೌಸ್ ಪೀಸನ್ನು ಮೆಲ್ಲನೆ ವಾಪಸು ಕೇಳಿದಳು. ಕೊಟ್ಟೆ. ಆ ಬಣ್ಣ ಅವಳಿಗೆ ಒಪ್ಪುವುದಿಲ್ಲ ಎಂದು ಒಂದು ಮಾತು ಸೇರಿಸಿಯೇ ಕೊಟ್ಟೆ.

ಆಪರೇಷನ್ ಆಯಿತು. ಆಮೇಲೆ ಕೀಮೋ. ಅದರ ವಾಂತಿ, ಕೂದಲು ಎಲ್ಲ ಕೇಳಿ ತಿಳಿದಿದ್ದೆ. ಬೆರಳ ತುದಿ ಜೋಮು ಹಿಡಿಯುತ್ತದೆಂದು ಯಾರೋ ಹೇಳಿದ್ದಿರಬೇಕು, ನನ್ನ ಕಿವಿಗೆ ಬಿದ್ದಿರಲಿಲ್ಲ. ಸೂಜಿ ಕೈಯಲ್ಲಿದೆಯೋ ಬಿದ್ದಿದೆಯೋ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಹೊಲಿಯಲಾಗದಿದ್ದರೆ ಓದುತ್ತೇನೆ ಎಂದುಕೊಂಡೆ, ಲೈಬ್ರರಿಯ ಪುಸ್ತಕ ನನಗೆ ಮೊದಲಿಂದಲೂ ಹುಚ್ಚು. ಆದರೆ ಪುಟ ತಿರುವಲು ಹೋದರೆ ನಾಲ್ಕಾರು ಒಟ್ಟಿಗೆ ಹೋಗುವುದು, ಇಲ್ಲವೇ ಒಂದೂ ಹೋಗದು. ಡ್ರಿಪ್ ಹಾಕುವ ಹಾಲಿನಲ್ಲಿ ಒಂದು ದಿನ ಪುಸ್ತಕವನ್ನು ಸಿಟ್ಟಿನಿಂದ ಕುರ್ಚಿಯ ಕೆಳಗೆ ಎಸೆದೆ.

“ಪುಸ್ತಕ ಎಂತ ಮಾಡಿತು ಪಾಪ?” ಎಂದಿತು ಪಕ್ಕದ ಕುರ್ಚಿ.

ಅದು ಸೆವ್ರಿನ್ ಬಾಯಿ. ಕ್ರೈಸ್ತ ಹೆಂಗಸರನ್ನು ನಮ್ಮಲ್ಲಿ ಬಾಯಿ ಎನ್ನುತ್ತೇವೆ. ಕಾರ್ಕಳದವರು, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ತಲೆಗೆ ಹೂವಿನ ಸ್ಕಾರ್ಫು, ಕೊರಳಲ್ಲಿ ಶಿಲುಬೆಯ ಸರ, ಮಡಿಲಲ್ಲಿ ಸ್ಲೇಟಿನಂಥದ್ದೊಂದು. ಷಾರ್ಜಾದಲ್ಲಿರುವ ಮಗಳು ಕಳಿಸಿದ್ದಂತೆ, ಪುಸ್ತಕ ಓದುವ ಮಿಷನು. ಒಳಗೆ ಫೋನಿನಂತೆ ನೆಟ್ಟು, ಎಷ್ಟೋ ಪುಸ್ತಕ, ಕನ್ನಡದ್ದೂ ಇದೆ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು, ತಿರುವಲು ಪುಟವೇ ಇಲ್ಲ. ನಾನು ಮುಖ ತಿರುಗಿಸಿದೆ. ಫೋನಿನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ಟು ಮೂರನೆಯದನ್ನು ಮುಟ್ಟದವಳು ನಾನು.

ಆದರೆ ಟೀಚರುಗಳು ಬಿಡುವ ಜಾತಿಯಲ್ಲ. ಮುಂದಿನ ಸಲ ಡ್ರಿಪ್ ಶುರುವಾಗುವ ಮೊದಲೇ ಆ ಮಿಷನು ನನ್ನ ಮಡಿಲಿಗೆ ಬಂತು. ನಾನು ಅಭ್ಯಾಸಬಲದಿಂದ ಬೆರಳಿಗೆ ಎಂಜಲು ಹಚ್ಚಿ ಪರದೆಯ ಮೇಲೆ ಎಳೆದೆ.

“ಅಯ್ಯೋ, ಉಗುಳು ಹಚ್ಚುವ ಪುಸ್ತಕ ಅಲ್ಲ ಮಾರಾಯ್ತಿ! ಸುಮ್ಮನೆ ಮುಟ್ಟು. ಬೆಕ್ಕಿನ ಮೂಗು ಮುಟ್ಟಿದ ಹಾಗೆ.”

ಇನ್ನೊಂದು ತೊಂದರೆ ಬಗೆಹರಿಯಲು ತಡವಾಯಿತು. ಓದಿದ ಜಾಗದಲ್ಲೇ ಬಿಟ್ಟಿರುತ್ತಿದ್ದೆವು, ನಾನು ಕೈಗೆ ತೆಗೆದುಕೊಂಡ ಕೂಡಲೇ ಪುಟ ಹಾರಿರುತ್ತಿತ್ತು. ಬಾಯಿ ಕನ್ನಡಕ ಏರಿಸಿ ನನ್ನನ್ನೇ ನೋಡುತ್ತ ಕೂತರು. ಆಮೇಲೆ ಡ್ರಿಪ್ಪಿನ ಕೊಳವೆ ಅಲುಗಾಡುವಷ್ಟು ನಕ್ಕರು. ಪುಸ್ತಕ ತೆರೆಯುವ ಮೊದಲು ಕಣ್ಣಿಗೊತ್ತಿಕೊಳ್ಳುವುದು ನನಗೆ ಒಂದನೇ ಕ್ಲಾಸಿನಿಂದ ಬಂದ ರೂಢಿ. ಮಿಷನನ್ನೂ ಹಾಗೇ ಒತ್ತಿಕೊಳ್ಳುತ್ತಿದ್ದೆ. ಹಣೆ ತಾಗಿ ಪುಟ ತಿರುಗುತ್ತಿತ್ತು.

“ಇದನ್ನು ಇವತ್ತೇ ನಮ್ಮವರಿಗೆ ಹೇಳಬೇಕು,” ಎಂದರು ಬಾಯಿ. ಅವರ ಗಂಡ ಗ್ರೆಗರಿಗೆ ಮಂಡಿನೋವು, ಆಸ್ಪತ್ರೆಗೆ ಬರುತ್ತಿರಲಿಲ್ಲ. ತಂಗಿಯ ಮಗಳು ಕರೆತಂದು ಬಿಡುತ್ತಿದ್ದಳು. ಸಂಜೆ ಮನೆಗೆ ಹೋಗಿ ಇಲ್ಲಿ ಓದಿದ ಕತೆಯನ್ನೆಲ್ಲ ಗಂಡನಿಗೆ ಹೇಳುವುದು ಬಾಯಿಯ ಕ್ರಮವಂತೆ.

ನಮ್ಮ ಮಾತು ತುಳುವಿನಲ್ಲಿ ಶುರುವಾಗಿ ಪುಸ್ತಕದ ವಿಷಯಕ್ಕೆ ಬಂದಾಗ ಕನ್ನಡಕ್ಕೆ ಹೊರಳುತ್ತಿತ್ತು. ಓದುತ್ತಿದ್ದುದು ಒಂದು ದಪ್ಪ ಕಾದಂಬರಿ, ಮನೆ ಬಿಟ್ಟು ಹೋದ ತಮ್ಮನನ್ನು ಹುಡುಕಿಕೊಂಡು ಹೊರಟ ಅಕ್ಕನ ಕತೆ. ಒಂದು ಪುಟ ಅವರು, ಒಂದು ಪುಟ ನಾನು, ಮೆಲುದನಿಯಲ್ಲಿ. ಎದುರಿನ ಕುರ್ಚಿಯಲ್ಲಿ ಗಂಡನ ಕಾಲೊತ್ತುತ್ತ ಕೂರುತ್ತಿದ್ದ ಬಾಗಲಕೋಟೆ ಕಡೆಯ ಶಾಂತವ್ವ ಒಮ್ಮೆ ಬಗ್ಗಿ ನೋಡಿ, “ಯವ್ವಾ, ಇದರಾಗ ಒಂದ ಹಾಳೀನೂ ಇಲ್ಲಲ್ರಿ! ಇಷ್ಟುದ್ದ ಕತಿ ಎಲ್ಲಿಂದ ಬರಾಕತ್ತೈತಿ?” ಎಂದಳು. ಅಂದಿನಿಂದ ಅವಳಿಗೂ ಕೇಳುವಷ್ಟು ದನಿ ಏರಿಸಿದೆವು. ಆ ಹಾಲಿನಲ್ಲಿ ಭಯವಿಲ್ಲದೆ ಕಳೆದ ಹೊತ್ತೆಂದರೆ ಅದೇ.

ಅಕ್ಕ ಹೊಳೆ ದಾಟುವ ಅಧ್ಯಾಯ ಮುಗಿದ ದಿನ ಬಾಯಿಗೆ ಉಬ್ಬಸ ಜೋರಾಯಿತು. ವಾರ್ಡಿಗೆ ಕರೆದೊಯ್ಯುವಾಗ ಮಿಷನನ್ನು ನನ್ನ ಚೀಲಕ್ಕೆ ತುರುಕಿದರು.

“ನೀನು ಮುಂದೆ ಹೋಗ್ತಾ ಇರು. ನಾನು ಹಿಂದಿನಿಂದ ಬರ್ತೇನೆ,” ಎಂದರು.

ಬರಲಿಲ್ಲ. ಸುದ್ದಿ ತಿಳಿದದ್ದು ನರ್ಸಿನಿಂದ, ಮಣ್ಣಾಗಿ ಕೆಲವು ದಿನ ಕಳೆದ ಮೇಲೆ. ನನ್ನ ರಕ್ತದ ಕಣಗಳು ಕಡಿಮೆಯಾಗಿದ್ದರಿಂದ ಜನರಿದ್ದಲ್ಲಿಗೆ ಹೋಗಬಾರದಿತ್ತು, ಕಾರ್ಕಳಕ್ಕೆ ಹೋಗಿ ಮುಖ ತೋರಿಸುವುದೂ ಆಗಲಿಲ್ಲ. ಮನೆಯಲ್ಲಿ ಮಲಗಿ ಹೊಳೆ ದಾಟಿದ ಮೇಲಿನ ಎರಡು ಅಧ್ಯಾಯಗಳನ್ನು ಅಳುತ್ತಲೇ ಓದಿದೆ. ಮುಂದಕ್ಕೆ ಓದಲು ಮನಸ್ಸು ಬಾರದೆ ಕಪಾಟಿನಲ್ಲಿಟ್ಟೆ.

ಹಲವು ದಿನಗಳ ನಂತರ ಒಂದು ಮಧ್ಯಾಹ್ನ ಅದನ್ನು ಮತ್ತೆ ತೆರೆದೆ. ಇವರು ಮಲ್ಪೆಯಲ್ಲಿ, ಮಗಳು ಶ್ವೇತಾ ಉಡುಪಿಯ ಆಫೀಸಿನಲ್ಲಿ. ನಡು ಮಧ್ಯಾಹ್ನ ಹೊರಗೆ ಸುತ್ತಬಾರದು, ಹೋದವರು ಆ ಹೊತ್ತಿಗೆ ತಿರುಗಾಡುತ್ತಾರೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಒಳಗಿದ್ದರೆ ಏನೂ ಇಲ್ಲವೆಂದು ನಾನು ತಿಳಿದಿದ್ದೆ. ಪರದೆಯ ನಡುವೆ ಇಂಗ್ಲಿಷಿನ ಒಂದು ಚೌಕ ಮೂಡಿತು. ನನ್ನ ಇಂಗ್ಲಿಷು ಹುಕ್ಕು, ಲೈನಿಂಗುಗಳಾಚೆ ಹೆಚ್ಚು ಹೋಗುವುದಿಲ್ಲ. ಸೆವ್ರಿನ್ ಎಂಬ ಹೆಸರು ಮಾತ್ರ ಥಟ್ಟನೆ ಕಣ್ಣಿಗೆ ಬಿತ್ತು. ಉಳಿದದ್ದನ್ನು ಅಕ್ಷರ ಕೂಡಿಸಿ ಓದಿದೆ. ಈ ಪುಸ್ತಕವನ್ನು ಇದಕ್ಕಿಂತ ಮುಂದಿನ ಪುಟದವರೆಗೆ ಓದಿ ಆಗಿದೆ, ಆ ಪುಟಕ್ಕೆ ಹೋಗಬೇಕೇ ಎಂದು ಅದು ಕೇಳುತ್ತಿತ್ತು. ಕೆಳಗೆ ಹೌದು, ಬೇಡ ಎಂಬ ಎರಡು ಗುಂಡಿ.

ಹಿಂದಿನಿಂದ ಬರುತ್ತೇನೆ ಎಂದವರು ನನ್ನನ್ನು ದಾಟಿ ಮುಂದೆ ಹೋಗಿದ್ದರು. ನನ್ನ ಜೋಮು ಹಿಡಿದ ಬೆರಳುಗಳಿಗೂ ಆಗ ತಣ್ಣಗಾದದ್ದು ಗೊತ್ತಾಯಿತು. ‘ಬೇಡ’ ಒತ್ತಿದೆ. ಮಾರನೆಯ ದಿನ ಅದೇ ಚೌಕ, ಇನ್ನೂ ಮುಂದಿನ ಪುಟ. ಅದರ ಮರುದಿನ ಇನ್ನೂ ಮುಂದೆ. ಸೆವ್ರಿನ್ ಬಾಯಿ ಪ್ರತಿದಿನ ಸ್ವಲ್ಪ ಸ್ವಲ್ಪವೇ ಓದುತ್ತಿದ್ದರು.

ಸತ್ತವರಿಗೆ ಹೆದರುವ ಮನೆತನ ನಮ್ಮದಲ್ಲ. ತುಳುವಿನಲ್ಲಿ ಅವರನ್ನು ಕುಲೆ ಎನ್ನುತ್ತೇವೆ. ವರ್ಷಕ್ಕೊಮ್ಮೆ ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ, ಉಣ್ಣಲು ಬಿಟ್ಟು ಹೊರಗೆ ಕಾಯುತ್ತೇವೆ. ಆದರೆ ಇಗರ್ಜಿಗೆ ಹೋಗುವ ಕ್ರೈಸ್ತ ಕುಲೆಗೆ ಏನು ಬಡಿಸುವುದು? ಹಂದಿ ಮಾಂಸ ನನಗೆ ಮಾಡಿ ಗೊತ್ತಿಲ್ಲ. ಕೊನೆಗೊಂದು ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು ಎಲೆಯಲ್ಲಿ ಬಡಿಸಿ, ಪಕ್ಕದಲ್ಲಿ ಮಿಷನು ಇಟ್ಟು, “ಬಾಯಿ, ಉಂಡು ಹೋಗಿ. ನನ್ನನ್ನು ಕರೆಯಬೇಡಿ,” ಎಂದು ಬಾಗಿಲು ಎಳೆದುಕೊಂಡೆ. ಜಗಲಿಯಲ್ಲಿ ನನ್ನ ಹೊಲಿಗೆ ಮೆಷಿನಿನ ಮುಂದೆ ಸುಮ್ಮನೆ ಕೂತಿದ್ದೆ. ಬಾಗಿಲು ತೆರೆದಾಗ ಎಲೆ ಹಾಗೆಯೇ ಇತ್ತು. ಮಿಷನು ತೆರೆದೆ. ಬೆಳಿಗ್ಗೆ ನೋಡಿದ್ದಕ್ಕಿಂತ ಪುಟ ಮುಂದಕ್ಕೆ ಹೋಗಿತ್ತು.

ಪುಸ್ತಕದಲ್ಲಿ ಇನ್ನು ಕಾಲು ಭಾಗವಷ್ಟೇ ಉಳಿದಿತ್ತು. ಅದು ಮುಗಿದ ದಿನ ನನ್ನ ಸರದಿ ಎಂದು ಹೇಗೋ ನನ್ನೊಳಗೆ ತೀರ್ಮಾನವಾಗಿಬಿಟ್ಟಿತು. ನಗುವವರು ನಗಬಹುದು. ಡ್ರಿಪ್ಪಿನ ಕುರ್ಚಿಯಲ್ಲಿ ಕೂತು ಪಕ್ಕದ ಕುರ್ಚಿ ಖಾಲಿಯಾದದ್ದನ್ನು ನೋಡಿದವರು ನಗಲಾರರು. ನನಗಿನ್ನೂ ಎರಡು ಕೀಮೋ ಬಾಕಿ ಇತ್ತು. ಹೋಗುವುದಿಲ್ಲ ಎಂದೆ. ಹೇಗೂ ಹೋಗುವವಳಿಗೆ ವಾಂತಿ ಮಾಡಿಕೊಂಡು ಹೋಗುವ ಕರ್ಮ ಯಾಕೆ? ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ. ಶ್ವೇತಾ ಅತ್ತಳು, ಅಂಗಲಾಚಿದಳು. ಇವರು ಮೊದಲ ಬಾರಿಗೆ ಗಟ್ಟಿಯಾಗಿ ಕೂಗಿದರು.

“ಇಷ್ಟು ದೂರ ಈಜಿ ದಡದಲ್ಲಿ ಮುಳುಗ್ತೇನೆ ಅಂತೀಯಲ್ಲ, ನಿನಗೆ ಎಂತ ಆಗಿದೆ?”

ಕೂಗಿದವರು ಕೈಯಲ್ಲಿದ್ದ ಬೊಂಡವನ್ನು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತು ಅತ್ತರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಅಳುವನ್ನು ನಾನು ಕಂಡಿರಲಿಲ್ಲ. ಆಗ ಬಾಯಿಬಿಟ್ಟೆ. ಬಾಯಿಯ ಮಿಷನು ನನ್ನನ್ನು ಬಿಡುತ್ತಿಲ್ಲ ಎಂದಷ್ಟೇ ಹೇಳಿದೆ. ಇವರು ಮುಖ ಒರೆಸಿಕೊಂಡರು.

“ಸತ್ತವರ ವಸ್ತು ಅವರ ಮನೆಗೆ ಸೇರಬೇಕು. ಕೊಟ್ಟು ಬರುವ. ಆಮೇಲೆ ನೀನು ಮದ್ದು ತಗೊಳ್ತೀಯಾ?”

“ನೋಡುವ,” ಎಂದೆ.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೊರಟೆವು. ದಾರಿಯಲ್ಲಿ ಇವರು ಎಲ್ಲೂರಿನ ದೇವಸ್ಥಾನದ ದಿಕ್ಕಿಗೆ ತಿರುಗಿ ಕೈಮುಗಿದರು. ನಾನು ಮಡಿಲಲ್ಲಿದ್ದ ಚೀಲವನ್ನು ದೇಹಕ್ಕೆ ತಾಗದಂತೆ ಹಿಡಿದುಕೊಂಡಿದ್ದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಟೀಚರ್ ಬಾಯಿಯ ಮನೆ ಎಂದರೆ ರಿಕ್ಷಾದವನಿಗೆ ಗೊತ್ತು. ಜಗಲಿಯಲ್ಲಿ ದೊಡ್ಡ ಮೈಕಟ್ಟಿನ, ಬಿಳಿ ಮೀಸೆಯ ಒಬ್ಬರು ಕಾಲು ಚಾಚಿ ಕೂತಿದ್ದರು. ಕೈಯಲ್ಲಿ ಫೋನು. ಒಂದೊಂದೇ ಪದವನ್ನು ಬೆರಳಿನಿಂದ ಹಿಡಿದು ಜೋರಾಗಿ ಓದುತ್ತಿದ್ದರು. ಗೇಟಿನ ಬಳಿ ನಿಂತಲ್ಲಿಗೇ ಕೇಳಿಸಿತು, ತಮ್ಮನನ್ನು ಹುಡುಕುವ ಅಕ್ಕನ ಹೆಸರು. ಇವರ ತೋಳು ಹಿಡಿದು ಮೆಟ್ಟಿಲು ಹತ್ತಿದೆ.

“ಆಸ್ಪತ್ರೆಯಲ್ಲಿ ಬಾಯಿಯ ಪರಿಚಯ, ಪೊರ್ಬುಗಳೇ,” ಎಂದರು ಇವರು. ಕ್ರೈಸ್ತ ಗಂಡಸರನ್ನು ನಮ್ಮಲ್ಲಿ ಹಾಗೆ ಕರೆಯುವುದು.

“ಕೂತುಕೊಳ್ಳಿ, ಕೂತುಕೊಳ್ಳಿ. ಸೆವ್ರಿನ್ ಕಡೆಯವರು ಬಂದರೆ ನನಗೆ ಖುಷಿ.” ಗ್ರೆಗರಿ ಪೊರ್ಬು ಫೋನನ್ನು ನಮ್ಮ ಕಡೆ ತಿರುಗಿಸಿದರು. “ಇದು ಅವಳ ಫೋನು. ನಾನು ಬಹ್ರೈನಿನಲ್ಲಿ ಗ್ಯಾರೇಜಿನಲ್ಲಿ ಇದ್ದವ, ಓದಿದ್ದು ಅಂದರೆ ಕೊಂಕಣಿ ಪ್ರಾರ್ಥನೆಯ ಪುಸ್ತಕ ಒಂದೇ. ಕನ್ನಡ ಅಕ್ಷರದಲ್ಲೇ ಇರ್ತದಲ್ವಾ, ಹಾಗಾಗಿ ಅಕ್ಷರ ಗೊತ್ತುಂಟು. ಆಸ್ಪತ್ರೆಗೆ ಹೋಗುವ ಮೊದಲು ಅವಳೇ ಕಲಿಸಿದ್ದು, ನಾನು ಇಲ್ಲದಾಗ ನಿಮಗೆ ಹೊತ್ತು ಹೋಗ್ಬೇಕಲ್ಲ ಅಂತ.”

ಆಮೇಲೆ ದನಿ ತಗ್ಗಿಸಿದರು. “ಒಂದು ವಿಷಯ ಹೇಳ್ತೇನೆ, ನಗಬಾರದು. ಪಾದ್ರಿಗಳಿಗೂ ಹೇಳಲಿಲ್ಲ. ಅವಳ ಹತ್ತಿರ ಓದುವ ಮಿಷನ್ ಇತ್ತು, ಆಸ್ಪತ್ರೆಯಲ್ಲಿ ಎಲ್ಲೋ ಹೋಯಿತು. ಅದರಲ್ಲಿ ಎಲ್ಲಿವರೆಗೆ ಓದಿದ್ದು ಅಂತ ಈ ಫೋನಿನಲ್ಲಿ ತೋರಿಸ್ತದೆ, ಪುಸ್ತಕ ಎರಡರಲ್ಲೂ ಒಂದೇ. ಹೊಳೆಯ ದಡದವರೆಗೆ ನನಗೆ ಕತೆ ಹೇಳಿದ್ದಳು, ಅವಳು ಹೋದ ದಿನ ಫೋನಿನಲ್ಲಿ ಹೊಳೆ ದಾಟಿದಲ್ಲಿಗೆ ನಿಂತಿತ್ತು. ಮಣ್ಣಾಗಿ ಕೆಲವು ದಿನದ ಮೇಲೆ ಪುನಃ ತೆಗೆದು ನೋಡ್ತೇನೆ, ಎರಡು ಅಧ್ಯಾಯ ಮುಂದೆ ಹೋಗಿದೆ! ಯಾರು ಓದಿದ್ದು ಹೇಳಿ? ಅವಳು ನಿಂತಿಲ್ಲ, ಓದ್ತಾ ಇದ್ದಾಳೆ. ಅವತ್ತು ಅನ್ನ ಸೇರಿತು ನನಗೆ. ಆಮೇಲೆ ನಾನು ಸುಮ್ಮನೆ ಕೂರಲಿಕ್ಕೆ ಆಗ್ತದಾ? ದಿನಾ ಇಷ್ಟಿಷ್ಟು ಓದ್ತೇನೆ. ಈಗ ಕೆಲವು ವಾರದಿಂದ ಅವಳು ಅಲ್ಲೇ ನಿಂತಿದ್ದಾಳೆ, ನಾನು ದಾಟಿ ಬಂದೆ. ಕಾಯುವುದಾ, ಹೋಗುವುದಾ ಗೊತ್ತಾಗುವುದಿಲ್ಲ.”

ನಾನು ಉಸಿರೆಳೆದುಕೊಂಡದ್ದು ಇವರಿಗೆ ಕೇಳಿಸಿರಬೇಕು, ಮೊಣಕೈ ಹಿಡಿದರು. ನನ್ನ ಮಿಷನಿನಲ್ಲಿ ಮುಂದೆ ಮುಂದೆ ಹೋಗುತ್ತಿದ್ದುದು ಈ ಮುದುಕರ ಬೆರಳು, ಚೌಕದಲ್ಲಿದ್ದ ಹೆಸರು ಬಾಯಿಯ ಈ ಫೋನಿನದು. ಪೊರ್ಬುವಿನ ಕೈಯ ಫೋನಿನಲ್ಲಿ ಮುಂದೆ ಹೋಗಿದ್ದುದು ನಾನು. ನಾನು ಯಾವುದಕ್ಕೆ ಹೆದರಿ ಮದ್ದು ಬಿಟ್ಟಿದ್ದೆನೋ ಅದನ್ನು ನಂಬಿ ಪೊರ್ಬು ಅನ್ನ ಉಣ್ಣುತ್ತಿದ್ದರು. ಚೀಲದಿಂದ ಮಿಷನನ್ನು ತೆಗೆದು ಎದುರಿಗಿಟ್ಟರೆ ನನ್ನ ಭೂತವೂ ಹೋಗುತ್ತದೆ, ಅವರ ಸೆವ್ರಿನ್ ಕೂಡ ಇನ್ನೊಮ್ಮೆ ಹೋಗುತ್ತಾಳೆ. ಚೀಲದ ಜಿಪ್ಪಿನ ಮೇಲೆ ಕೈ ಇಟ್ಟು ಕೂತೆ.

“ನನ್ನ ಓದು ಜಪಸರದ ಹಾಗೆ, ಒಂದೊಂದೇ ಮಣಿ,” ಎಂದರು ಪೊರ್ಬು. “ನೀವು ಒಂದು ಪುಟ ಓದಿ ಹೇಳಿ ಅಮ್ಮಾ. ಕಿವಿ ತುಂಬ ಕನ್ನಡ ಕೇಳದೆ ಎಷ್ಟು ಸಮಯ ಆಯಿತು.”

ಫೋನು ಕೊಟ್ಟರು. ತೆಗೆದುಕೊಂಡೆ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಕಣ್ಣಿಗೊತ್ತಿಕೊಂಡಿದ್ದೆ. ಪುಟ ಹಾರಿತು.

ಪೊರ್ಬು ಹಾರಿದ ಪುಟವನ್ನು ನೋಡಿದರು, ನನ್ನನ್ನು ನೋಡಿದರು, ಬೋಳು ತಲೆಯ ಮೇಲಿನ ನನ್ನ ಸೆರಗನ್ನು ನೋಡಿದರು. ಕೊನೆಗೆ ಕಣ್ಣು ಬಂದು ನಿಂತದ್ದು ಚೀಲದ ಮೇಲೆ.

“ಕಾಪುವಿನವರು,” ಎಂದರು.

ನಾನು ಜಿಪ್ಪು ಎಳೆಯತೊಡಗಿದೆ. ಅವರು ನನ್ನ ಕೈಯನ್ನು ತಡೆಯುವಂತೆ ಅಂಗೈ ಎತ್ತಿದರು.

“ಬೇಡ, ತೆಗೆಯಬೇಡಿ. ನಾನು ಎಂತದೂ ನೋಡಲಿಲ್ಲ.” ಮೀಸೆ ನೀವಿಕೊಂಡರು. ಆಮೇಲೆ ಕೇಳಿದರು, “ಮದ್ದು ಮುಗಿಯಿತಾ ನಿಮ್ಮದು?”

“ಇನ್ನೂ ಎರಡು ಉಂಟು. ಬಿಟ್ಟಿದ್ದೇನೆ.”

“ಬಿಡಬಾರದು. ಅವಳಿಗೂ ಕೊನೆವರೆಗೆ ಓದಬೇಕು ಅಂತ ಇತ್ತು, ಆಗಲಿಲ್ಲ.” ಫೋನನ್ನು ನನ್ನಿಂದ ತೆಗೆದುಕೊಂಡು ಅಂಗಿಯ ತುದಿಯಿಂದ ಒರೆಸಿದರು. “ಒಬ್ಬನೇ ಓದಲಿಕ್ಕೆ ನನ್ನಿಂದ ಆಗುವುದಿಲ್ಲ ಅಮ್ಮಾ. ನೀವು ಮುಂದೆ ಹೋಗ್ತಾ ಇರಿ. ನಾನು ಹಿಂದಿನಿಂದ ಬರ್ತೇನೆ.”

ಬಾಯಿ ವಾರ್ಡಿಗೆ ಹೋಗುವಾಗ ಹೇಳಿದ್ದು ಇದೇ ಮಾತು. ಅದು ಪೊರ್ಬುಗೆ ಗೊತ್ತಿರಲು ಸಾಧ್ಯವಿಲ್ಲ. ಗಂಡ ಹೆಂಡತಿ ಬದುಕಿಡೀ ಒಬ್ಬರಿಗೊಬ್ಬರು ಹೇಳಿಕೊಂಡ ಮಾತಿರಬೇಕು. ನಾನು ಆ ಜಗಲಿಯಲ್ಲೇ, ಪರಿಚಯವಿಲ್ಲದವರ ಮುಂದೆ, ನಾಚಿಕೆಯಿಲ್ಲದೆ ಅತ್ತೆ.

ಮುಂದಿನ ವಾರ ಮಣಿಪಾಲದ ಅದೇ ಹಾಲಿನಲ್ಲಿ ಕೂತೆ. ಶಾಂತವ್ವ ಓಡಿ ಬಂದು ನನ್ನ ಕೈ ಹಿಡಿದುಕೊಂಡು, “ಬಂದ್ರಿ? ನಮ್ಮ ಕತಿ ಅರ್ಧಾ ಆಗೇತ್ರಿ,” ಎಂದಳು. ಡ್ರಿಪ್ ಇಳಿಯತೊಡಗಿದ ಮೇಲೆ ಮಿಷನು ತೆರೆದೆ, ಚೌಕ ಬಂತು. ಮೊದಲ ಸಲ ‘ಹೌದು’ ಒತ್ತಿದೆ. ಪೊರ್ಬು ಬಿಟ್ಟ ಪುಟ ತೆರೆದುಕೊಂಡಿತು. ಅಲ್ಲಿಂದ ಸ್ವಲ್ಪ ಮುಂದಕ್ಕೆ ಓದಿ ನಿಲ್ಲಿಸಿದೆ, ಅವರಿಗೆ ಹಿಂದಿನಿಂದ ಬರಲು ಜಾಗವಿರಲಿ ಎಂದು.

ಈಗ ತಲೆ ತುಂಬ ಕೂದಲಿದೆ, ಬೆರಳಿಗೆ ಅರ್ಧ ಜೀವ ಬಂದಿದೆ, ಹುಕ್ಕು ಹಾಕುವ ಕೆಲಸ ಇನ್ನೂ ಶ್ವೇತಾಳದ್ದೇ. ತಪಾಸಣೆಗೆ ಹೋದಾಗಲೆಲ್ಲ ಮಿಷನು ಒಯ್ಯುತ್ತೇನೆ. ಕಾಯುವ ಕುರ್ಚಿಗಳಲ್ಲಿ ನನ್ನಂತೆಯೇ ಮುಖ ತಿರುಗಿಸುವವರು ಇದ್ದೇ ಇರುತ್ತಾರೆ, ಅವರ ಪಕ್ಕದಲ್ಲೇ ಹೋಗಿ ಕೂರುತ್ತೇನೆ. ಎಂಜಲು ಹಚ್ಚಿದರೆ ಬೈಯುತ್ತೇನೆ, ಕಣ್ಣಿಗೊತ್ತಿಕೊಂಡರೆ ಬೈಯುವುದಿಲ್ಲ. ಹೆದರಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಪ್ರತಿ ಸ್ಕ್ಯಾನಿನ ಮೊದಲು ಇನ್ನೂ ಟೇಪು ಹಿಡಿದು ಕನ್ನಡಿಯ ಮುಂದೆ ನಿಲ್ಲುತ್ತೇನೆ.

ಆ ಕಾದಂಬರಿ ಮುಗಿದು ಮಿಷನಿನಲ್ಲಿದ್ದ ಇನ್ನೊಂದನ್ನು ನಾನು ತೆರೆದೆ, ಪೊರ್ಬು ಹಿಂದೆಯೇ ಬಂದರು. ಅಕ್ಕ ತಮ್ಮನ ವಿಷಯ ಬಿಟ್ಟು ಬೇರೇನನ್ನೂ ನಾವು ಫೋನಿನಲ್ಲಿ ಮಾತಾಡಿದವರಲ್ಲ. ಆದರೆ ಮೊನ್ನೆ ಒಂದು ಮಧ್ಯಾಹ್ನ ಚೌಕ ಬಂದಾಗ ಅವರು ಬಹಳ ಮುಂದೆ ಹೋಗಿದ್ದರು. ಮಂಡಿನೋವಿನ ಮನುಷ್ಯನಿಗೆ ಇಷ್ಟು ಅವಸರವೇ ಎಂದು ತಮಾಷೆ ಮಾಡಲು ಮನೆಯ ನಂಬರಿಗೆ ಫೋನ್ ಮಾಡಿದೆ.

“ನಾನು ಎಲ್ಲಿ ಓದಿದ್ದು ಅಮ್ಮಾ?” ಎಂದರು. “ಫೋನ್ ರಿಪೇರಿಗೆ ಕೊಟ್ಟು ವಾರ ಆಯಿತು, ಪೇಟೆಯಲ್ಲೇ ಉಂಟು.”

ಸಂಜೆ ಶ್ವೇತಾಳಿಗೆ ಹೇಳಿದೆ. ಇಂಥ ಸಂದೇಶಗಳು ಒಮ್ಮೊಮ್ಮೆ ತಡವಾಗಿ, ತಪ್ಪಾಗಿ ಬರುವುದುಂಟು, ಅಂಗಡಿಯವನ ಬೆರಳೂ ತಾಗಿರಬಹುದು ಎಂದಳು. ಇರಬಹುದು. ನಾನು ಮಿಷನನ್ನು ಕಣ್ಣಿಗೊತ್ತಿಕೊಂಡೆ, ‘ಹೌದು’ ಒತ್ತಿದೆ, ಖಾಲಿ ಕೋಣೆಗೆ ಕೇಳುವಂತೆ ಹೇಳಿದೆ:

“ಬಾಯಿ, ಸ್ವಲ್ಪ ನಿಧಾನ. ನಾವಿಬ್ಬರೂ ಹಿಂದಿನಿಂದ ಬರ್ತಾ ಇದ್ದೇವೆ.”